ಅಪ್ಪ ಒಯ್ದ ನಮೂನಿ

"ಅಕ್ಕಾ, ಸೆಂಟರಿಗೆ ಕಳ್ಳರು ಬಂದು ಹೋಗ್ಯಾರ."

ಸೋಮವಾರ ಬೆಳಿಗ್ಗೆ ಬಂದ ಫೋನು. ಸಿಂಧನೂರಿನಿಂದ ನನ್ನ ತಮ್ಮ ವಿರೂಪಾಕ್ಷಿ. ನಾನೋ ಲಿಂಗಸೂಗೂರಿನ ನಮ್ಮ ಮನೆಯಲ್ಲಿ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ. ಒಂದು ಕೈಯಲ್ಲಿ ಬಾಚಣಿಕೆ, ಇನ್ನೊಂದರಲ್ಲಿ ರಿಸೀವರು.

"ಏನೇನು ಹೋಗೈತೋ?"

"ಏನೂ ಹೋಗಿಲ್ಲ. ಆದ್ರ ಎಲ್ಲಾ ಹೋಗೈತಿ."

ವೇದಾಂತ ಮಾತಾಡುವ ಹುಡುಗನಲ್ಲ ಅವನು. ಕಂಪ್ಯೂಟರ್ ಕಲಿಸುವವನು. ಬಿಡಿಸಿ ಬಿಡಿಸಿ ಕೇಳಿದೆ. ಎಂಟು ಮಾನಿಟರುಗಳೂ ಇದ್ದಲ್ಲೇ ಇವೆಯಂತೆ. ಕೀಬೋರ್ಡುಗಳಿವೆ, ಏಸಿ ಇದೆ, ಗಣಪತಿ ಫೋಟೋದ ಮುಂದಿನ ಬೆಳ್ಳಿಯ ದೀಪ ಕೂಡ ಇದೆ. ಮೂಲೆಯಲ್ಲಿರುವ ದೊಡ್ಡ ಮಷೀನಿನ ಹೊಟ್ಟೆಯೊಳಗಿಂದ ಅರ್ಧ ಇಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದು ಮಾತ್ರ ಮಾಯ. ಮುಚ್ಚಳವನ್ನು ಕಳ್ಳ ಮತ್ತೆ ನೀಟಾಗಿ ಮುಚ್ಚಿ ಹೋಗಿದ್ದಾನೆ.

ಬೆಳ್ಳಿ ಬಿಟ್ಟು ಡಬ್ಬಿ ಒಯ್ಯುವ ಕಳ್ಳ ಎಂಥವನು? ಅದೂ ಮುಚ್ಚಳ ಮುಚ್ಚಿ?

ನನ್ನ ಹಾಗೆ ಕಂಪ್ಯೂಟರನ್ನು ದೂರದಿಂದಲೇ ನೋಡಿ ನಮಸ್ಕಾರ ಹಾಕುವ ಓದುಗರಿಗಾಗಿ ಎರಡು ಮಾತು. (ಎರಡು ಸಾವಿರನೇ ಇಸವಿ ಹುಟ್ಟಿದ ದಿನ ಅವೆಲ್ಲ ಒಟ್ಟಿಗೆ ತಲೆ ಕೆಡಿಸಿಕೊಳ್ಳುತ್ತವಂತೆ. ಅದೊಂದು ಆಗಿಹೋಗಲಿ, ಆಮೇಲೆ ಕಲಿತರಾಯಿತು ಎಂದು ನಾನು ಸುಮ್ಮನಿದ್ದೇನೆ.) ತಮ್ಮನ ಕಂಪ್ಯೂಟರ್ ಸೆಂಟರು ಇರುವುದು ಗೊಬ್ಬರದಂಗಡಿಯ ಮಹಡಿಯ ಮೇಲೆ. ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಡಬೇಕು. ಫ್ಲಾಪಿ ತಂದರೆ ವೈರಸ್ ಬರುತ್ತದೆ, ಆದ್ದರಿಂದ ತರಕೂಡದು ಎಂದು ಬೋರ್ಡು. ಹುಡುಗ ಹುಡುಗಿಯರು ಕೂರುವ ಎಂಟು ಮಷೀನುಗಳಿಗೆ ಸ್ವಂತ ಹೊಟ್ಟೆಯಿಲ್ಲ. ಅವರು ಬರೆದದ್ದೆಲ್ಲ ವೈರಿನೊಳಗೆ ಹರಿದು ಮೂಲೆಯ ದೊಡ್ಡ ಮಷೀನಿಗೆ ಹೋಗಿ ಸೇರುತ್ತದೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ಸರ್ವರಿನೊಳಗೆ ಎಲ್ಲರ ಕೆಲಸವನ್ನೂ ನೆನಪಿಟ್ಟುಕೊಂಡು ಕೂರುವುದು ಹಾರ್ಡ್ ಡಿಸ್ಕ್ ಎಂಬ ಆ ಡಬ್ಬಿ.

"ಹಂಗಾರ ರಜಿಯಾಂದು?" ಎಂದೆ.

"ಅದೂ ಅದರಾಗ ಇತ್ತಕ್ಕಾ" ಎಂದ. ಬಾಚಣಿಕೆ ಕೆಳಗಿಟ್ಟೆ.

ರಜಿಯಾ ಮಸ್ಕಿಯ ಹುಡುಗಿ. ಬಸ್ ಸ್ಟ್ಯಾಂಡಿನ ಪಕ್ಕ ಹೊಲಿಗೆ ಅಂಗಡಿ ಇಟ್ಟಿರುವ ಖಾದರ್ ಭಾಯಿಯ ಮಗಳು. ಪಿಯುಸಿಗೆ ಲಿಂಗಸೂಗೂರಿಗೆ ಬರುತ್ತಿದ್ದಾಗ ನನ್ನ ವಿದ್ಯಾರ್ಥಿನಿ. ಆಮೇಲೆ ಸಿಂಧನೂರಿಗೆ, ನನ್ನ ತಮ್ಮನ ಸೆಂಟರಿಗೆ. ಹೀಗಾಗಿ ಅವಳ ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆದಿದೆ. ವಿರೂಪಾಕ್ಷಿ ಲಿಂಗಸೂಗೂರಿನಲ್ಲಿ ಒಂದು ಬ್ರಾಂಚ್ ತೆರೆಯುವವನಿದ್ದ. ಪ್ರಾಕ್ಟಿಕಲ್ ಪರೀಕ್ಷೆ ಪಾಸಾದರೆ ಅಲ್ಲಿ ಕಲಿಸುವ ಕೆಲಸ ನಿನಗೇ ಎಂದು ರಜಿಯಾಗೆ ಮಾತು ಕೊಟ್ಟಿದ್ದ.

ಖಾದರ್ ಭಾಯಿಗೆ ಮಗಳು ಕೆಲಸಕ್ಕೆ ಹೋಗುವುದರ ಬಗ್ಗೆ ತಕರಾರಿರಲಿಲ್ಲ. ಅವರ ತಕರಾರು ಬಸ್ಸಿನ ಮೇಲೆ. "ಸಂಜಿ ಮಗ್ರಿಬ್ ಅಜಾನ್ ಆಗೂದ್ರಾಗ ಹುಡುಗಿ ಮನ್ಯಾಗ ಇರಬೇಕ್ರೀ ಮೇಡಂ. ಈ ಬಸ್ಸಿನ ಮ್ಯಾಲ ಭರೋಸಾ ಇಟ್ಟು ಯಾರು ಕಳಸ್ತಾರ?" ಎಂದು ನನ್ನೆದುರೇ ಹೇಳಿದ್ದರು.

ಅದಕ್ಕೇ ರಜಿಯಾ ತನ್ನ ಪ್ರಾಜೆಕ್ಟಿಗೆ ಬಸ್ಸನ್ನೇ ಆರಿಸಿಕೊಂಡಳು. ಎಲ್ಲಿಂದ, ಎಲ್ಲಿಗೆ, ಯಾವ ಹೊತ್ತಿಗೆ ಎಂದು ಒತ್ತಿದರೆ ಯಾವ ಬಸ್ಸು ಎಷ್ಟೊತ್ತಿಗೆ ಹೊರಟು ಎಷ್ಟೊತ್ತಿಗೆ ಮುಟ್ಟುತ್ತದೆ ಎಂದು ಪರದೆ ಹೇಳಬೇಕು. ಬೋರ್ಡಿನ ಮೇಲೆ ಬರೆದ ಟೈಮಲ್ಲ, ಬಸ್ಸು ನಿಜವಾಗಿ ಬರುವ ಟೈಮು. ಚಳಿಗಾಲವಿಡೀ ಅವಳು ಡ್ರೈವರು, ಕಂಡಕ್ಟರುಗಳ ಬೆನ್ನು ಬಿದ್ದಿದ್ದಳು. ಸಂತೆಕಲ್ಲೂರಿನಲ್ಲಿ ಜೋಳದ ಚೀಲ ಹೇರಲು ಎಷ್ಟು ಹೊತ್ತು, ನಾಟಿಯ ಕಾಲದಲ್ಲಿ ದಢೇಸುಗೂರಿನ ಹತ್ತಿರ ಕೂಲಿಯವರನ್ನು ಇಳಿಸಲು ಎಷ್ಟು ಹೊತ್ತು, ಎಲ್ಲ ಕೇಳಿ ಕೇಳಿ ತುಂಬಿಸಿದ್ದಳು. ಲಿಂಗಸೂಗೂರಿನಿಂದ ಸಂಜೆ ಹೊರಡುವ ಬಸ್ಸು ಅಜಾನಿಗೆ ಮುಂಚೆ ಮಸ್ಕಿ ಮುಟ್ಟುತ್ತದೆ ಎಂದು ಅಬ್ಬಾಗೆ ಕಂಪ್ಯೂಟರಿನಲ್ಲೇ ತೋರಿಸುವುದು ಅವಳ ಹಂಚಿಕೆ. ಪರೀಕ್ಷೆಗೆ ಪರೀಕ್ಷೆ, ಪರವಾನಗಿಗೆ ಪರವಾನಗಿ.

ಅದೆಲ್ಲ ಇದ್ದದ್ದು ಆ ಡಬ್ಬಿಯಲ್ಲಿ. ಬುಧವಾರ ಪರೀಕ್ಷೆ.

"ಕಾಪಿ ಇಟ್ಟಿಲ್ಲೇನೋ?" ಎಂದೆ.

"ಕಾಪಿ ಇಡಾಕ ಜಾಗ ಇಲ್ಲಂತನ ಹೊಸಾ ಡಿಸ್ಕ್ ತರ್ಸಾಕತ್ತಿದ್ದೆ ಅಕ್ಕಾ" ಎಂದ. ಅಳುವುದೊಂದು ಬಾಕಿ.

ಹೊಸ ಡಿಸ್ಕಿನ ಸಂಗತಿ ನನಗೂ ಗೊತ್ತಿತ್ತು. ಹೋದ ಶನಿವಾರ ನಾನು ತವರಿಗೆ ಹೋದಾಗ ಊಟದ ಹೊತ್ತಿಗೆಲ್ಲ ಅದೇ ಮಾತು. ಡಿಸ್ಕ್ ತುಂಬಿದೆ, ಇನ್ನೊಂದನ್ನು ಪಕ್ಕದಲ್ಲಿ ಕೂರಿಸಬೇಕು. ಆದರೆ ಸಿಕ್ಕದ್ದನ್ನೆಲ್ಲ ತಂದು ಕೂರಿಸಲು ಬರುವುದಿಲ್ಲವಂತೆ. ವಿರೂಪಾಕ್ಷಿ ಹೈದರಾಬಾದಿನ ಅಂಗಡಿಗೆ ಫೋನು ಮಾಡಿದರೆ ಅವರು ಪ್ರಶ್ನೆಗಳ ಮಳೆ ಸುರಿಸಿದ್ದಾರೆ. ನಿಮ್ಮ ಡಿಸ್ಕು ಯಾವ ಜಾತಿಯದು? (ಹೌದು, ಅವುಗಳಲ್ಲೂ ಜಾತಿ ಇದೆ. ನಾವು ಮುಟ್ಟಿದ್ದಕ್ಕೆಲ್ಲ ಅದು ಅಂಟುತ್ತದೆ.) ಹಿಂದೆ ಎಷ್ಟು ಪಿನ್ನು? ಅದನ್ನು ನಡೆಸುವ ಕಾರ್ಡು ಯಾವ ಮಾಡೆಲ್ಲು? ಎರಡನೆಯದನ್ನು ಕೂರಿಸಲು ಒಳಗೆ ಜಾಗ ಇದೆಯೇ? ಎರಡಕ್ಕೂ ಸಾಲುವಷ್ಟು ಕರೆಂಟು ಒಳಗೆ ಬರುತ್ತದೆಯೇ? ಒಂದು ತಪ್ಪಿದರೂ ಹೊಸದು ಓಡುವುದಿಲ್ಲ.

ವಿರೂಪಾಕ್ಷಿ ಸರ್ವರಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ಒಂದೊಂದನ್ನೇ ನೋಡಿ ಚೀಟಿಯಲ್ಲಿ ಬರೆದುಕೊಂಡಿದ್ದ. ಈ ವಿಷಯದಲ್ಲಿ ಅವನು ಮಹಾ ಅಚ್ಚುಕಟ್ಟು.

ಅಪ್ಪ ಊಟ ಮಾಡುತ್ತ ಕೇಳಿಸಿಕೊಳ್ಳುತ್ತಿದ್ದ. ಕಣ್ಣು ತೋರಿಸಲು ಅವನು ಭಾನುವಾರ ಹೇಗೂ ಹೈದರಾಬಾದಿಗೆ ಹೊರಟಿದ್ದ. "ಚೀಟಿ ಕೊಡು, ನಾ ತರ್ತೀನಿ" ಎಂದ. ತಮ್ಮ ಚೀಟಿ ಕೊಟ್ಟ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೆಲ್ಲಾ ಬರಿಯೂದು ಯಾಕಲೇ? ನಮೂನಿ ಒಯ್ದ್ರ ಮುಗೀತು" ಎಂದ.

"ಇದೇನು ನಿನ್ನ ಟ್ರ್ಯಾಕ್ಟರ್ ಬೇರಿಂಗ್ ಏನಪ್ಪಾ?" ಎಂದು ತಮ್ಮ ನಕ್ಕ. ನಾನೂ ನಕ್ಕೆ. ಅಪ್ಪನೂ ನಕ್ಕ. ನಾವು ಮಾತು ಮುಗಿಯಿತು ಎಂದುಕೊಂಡೆವು.

ನಮ್ಮ ಕಡೆಯವರಿಗೆ ನಮೂನಿ ಎಂದರೆ ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವ ಈ ಸೀಮೆಯಲ್ಲಿ ಪಂಪ್‌ಸೆಟ್ಟಿನದೋ ಟ್ರ್ಯಾಕ್ಟರಿನದೋ ಯಾವ ಪಾರ್ಟ್ ಬೇಕಾದರೂ ಯಾರೂ ಅದರ ನಂಬರು ಹೇಳುವುದಿಲ್ಲ. ಹಳೆಯದನ್ನೇ ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋಗಿ, ಕಟ್ಟೆಯ ಮೇಲೆ ಇಟ್ಟು, "ಇದರಂಥಾದ್ದು" ಎನ್ನುವುದು. ಅಷ್ಟೇ. ಅಂಗಡಿಯವನೂ ನಂಬರು ಕೇಳುವುದಿಲ್ಲ, "ನಮೂನಿ ತಂದೀರೇನ್ರೀ?" ಎನ್ನುತ್ತಾನೆ. ಸಿಂಧನೂರಿನ ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೆ ಎಣ್ಣೆ ಜಿನುಗುವ ಗಂಟು ಕಂಡರೆ ಅದು ಯಾರದೋ ಇಂಜಿನ್ನಿನ ನಮೂನಿ ಎಂದು ತಿಳಿದು ಸೀರೆ ಸರಿಸಿ ಕೂರಬೇಕು.

ಅಪ್ಪನಿಗೆ ಇದು ಪದ್ಧತಿ ಮಾತ್ರ ಅಲ್ಲ, ನಿಷ್ಠೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಚೀಟಿ ನಂಬಿ ಪಂಪಿಗೆ ವಾಷರ್ ತಂದು, ಅದು ಕೂರದೆ, ದಢೇಸುಗೂರಿನ ನಮ್ಮ ಗದ್ದೆಯ ಸಸಿ ಒಣಗಿ ಹಳದಿಯಾಗಿತ್ತು. ಅಂದಿನಿಂದ ಚೀಟಿ ಎಂದರೆ ಅವನಿಗಾಗದು. ನನಗೆ ಬಳೆ ತರಲು ನನ್ನ ಒಡೆದ ಬಳೆ ಒಯ್ಯುತ್ತಿದ್ದ. ಅವ್ವನಿಗೆ ಚಪ್ಪಲಿ ತರಲು ಅವ್ವನ ಎಡಗಾಲಿನ ಚಪ್ಪಲಿ ಒಯ್ದು, ಆ ಇಡೀ ದಿನ ಅವ್ವ ಬರಿಗಾಲಲ್ಲಿ ಓಡಾಡಿದ್ದುಂಟು. ಅಳತೆ ತಪ್ಪಿದ ಬಳೆಯನ್ನು ನಾನು ತವರಿನಲ್ಲಿ ಒಮ್ಮೆಯೂ ತೊಡಲಿಲ್ಲ. ಇದನ್ನು ನೆನೆದರೆ ಈಗಲೂ ಕೈ ತುಂಬಿದಂತಾಗುತ್ತದೆ.

ಮುಂದಿನದನ್ನು ನೀವು ಊಹಿಸಿದ್ದೀರಿ. ತಮ್ಮ ಊಹಿಸಿರಲಿಲ್ಲ. ಪೊಲೀಸರಿಗೆ ಹೇಳಬೇಕೆಂದು ಮನೆಗೆ ಹೋಗಿ ಅಂಗಿ ಬದಲಿಸುತ್ತಿದ್ದನಂತೆ. ಅವ್ವ ಒಳಗಿನಿಂದಲೇ ಹೇಳಿದಳಂತೆ: "ಕಳ್ಳರೂ ಇಲ್ಲ, ಸುಳ್ಳರೂ ಇಲ್ಲ. ನಿಮ್ಮಪ್ಪ ನಮೂನಿ ಒಯ್ದಾರ."

ಭಾನುವಾರ ಮಧ್ಯಾಹ್ನ ಅಪ್ಪ ಗೊಬ್ಬರದಂಗಡಿಯವರಿಂದ ಬೀಗದ ಕೈ ಇಸಿದುಕೊಂಡಿದ್ದಾನೆ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಿದ್ದಾನೆ. (ನಿಯಮ ನಿಯಮವೇ.) ಟ್ರ್ಯಾಕ್ಟರಿನ ಸ್ಕ್ರೂಡ್ರೈವರಿನಿಂದ ಡಿಸ್ಕು ಬಿಚ್ಚಿ, ಸ್ಕ್ರೂಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಗಣಪತಿ ಫೋಟೋದ ಹಿಂದೆ ಇಟ್ಟು, ಮುಚ್ಚಳ ಮುಚ್ಚಿ, ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಹೈದರಾಬಾದ್ ಬಸ್ಸು ಹತ್ತಿದ್ದಾನೆ.

ತಮ್ಮ ಇದನ್ನೆಲ್ಲ ಎರಡನೆಯ ಫೋನಿನಲ್ಲಿ ಹೇಳಿದ. ಕಳ್ಳರಲ್ಲ ಎಂದು ನನಗೆ ಸಮಾಧಾನವಾಗುವಷ್ಟರಲ್ಲಿ, "ಅಕ್ಕಾ, ಅಪ್ಪ ಬ್ಯಾಟರಿ ಹೆಂಗ ತರ್ತಾನ, ನೆನಪೈತೇನು?" ಎಂದ.

ಟ್ರ್ಯಾಕ್ಟರಿನ ಬ್ಯಾಟರಿಯನ್ನು ಅಪ್ಪ ತರುವುದು ಎಕ್ಸ್‌ಚೇಂಜಿನಲ್ಲಿ. ಹಳೆಯದು ಕೊಟ್ಟು, ಹೊಸದು ತಂದು, ಎಷ್ಟು ಉಳಿಸಿದೆ ಎಂದು ವಾರಗಟ್ಟಲೆ ಹೇಳುತ್ತಾನೆ. ಹೈದರಾಬಾದಿನ ಆ ಅಂಗಡಿಯಲ್ಲೂ ಹಳೆ ಡಿಸ್ಕು ಕೊಟ್ಟರೆ ಹೊಸದರಲ್ಲಿ ರಿಯಾಯಿತಿ ಉಂಟಂತೆ. ಬಾಗಿಲಲ್ಲೇ ಬೋರ್ಡು ಹಾಕಿದ್ದಾರಂತೆ.

ಮಧ್ಯಾಹ್ನ ವಿರೂಪಾಕ್ಷಿ ಆ ಅಂಗಡಿಗೆ ಎಸ್‌ಟಿಡಿ ಮಾಡಿದ. ಫೋನೆತ್ತಿದವನು ಯಾರೋ ಕೆಲಸದವನು. "ಹಾಂ ಸಾಬ್, ಧೋತರ ಉಟ್ಟ ದೊಡ್ಡೋರು ಬಂದಿದ್ರು. ಎಕ್ಸ್‌ಚೇಂಜ್ ಬಗ್ಗೆ ಕೇಳಿ ಕೇಳಿ ಭಾಳ ಪೂಛ್‌ತಾಛ್ ಮಾಡಿದ್ರು. ಸೇಠ್ ಜೋಡಿ ಜಗಳಾನೂ ಆಯ್ತು. ಸಾಮಾನು ತಗೊಂಡು ಹೋದ್ರು." ಹಳೆಯದು ಕೊಟ್ಟರೇ? "ಅದು ಸೇಠಗೇ ಗೊತ್ತು. ಅವರು ಬ್ಯಾಂಕಿಗೆ ಹೋಗ್ಯಾರ." ಆಮೇಲೆ ಎಷ್ಟು ಸಲ ತಿರುಗಿಸಿದರೂ ಆ ಲೈನು ಸಿಗಲಿಲ್ಲ.

ಆ ದಿನ ರಜಿಯಾ ಸೆಂಟರಿಗೆ ಬಂದಿದ್ದಳು. ಸರ್ವರಿನ ಖಾಲಿ ಗೂಡನ್ನು ನೋಡಿದಳಂತೆ. "ಸರ್, ನಾಕು ಗಂಟೆ ಬಸ್ಸಿಗೆ ಹೋಗ್ತೀನ್ರೀ" ಎಂದು ಎದ್ದು ಹೋದಳಂತೆ. ಬೈದಿದ್ದರೆ ತಮ್ಮನಿಗೆ ಸುಲಭವಾಗುತ್ತಿತ್ತು.

ಮಂಗಳವಾರ ನಾನು ಕಾಲೇಜಿಗೆ ರಜೆ ಹಾಕಿದೆ. ಏಕೆಂದರೆ ಹೈದರಾಬಾದಿನಿಂದ ಬರುವಾಗ ಅಪ್ಪ ನೇರ ಸಿಂಧನೂರಿಗೆ ಹೋಗುವುದಿಲ್ಲ. ಲಿಂಗಸೂಗೂರಿನ ಬಸ್ಸು ಹಿಡಿದು ನಮ್ಮ ಮನೆಗೆ ಬಂದು, ಬಿಸ್ಕೀಟು ಕೊಟ್ಟು, ರೊಟ್ಟಿ ತಿಂದೇ ಮುಂದೆ ಹೋಗುವುದು. ಬೆಳಿಗ್ಗೆಯೇ ಬಂದ. ಎಳೆಗೂಸನ್ನು ಎತ್ತಿಕೊಂಡ ಹಾಗೆ ಟವೆಲಿನ ಗಂಟನ್ನು ಎದೆಗೆ ಒತ್ತಿಕೊಂಡಿದ್ದ.

"ಅಪ್ಪಾ, ಹಳೇದು ಎಲ್ಲಿ?"

"ಮೊದ್ಲ ಚಹಾ ಇಡವ್ವಾ."

"ಅಪ್ಪಾ! ಹಳೇದು!"

ನನ್ನ ದನಿ ಕೇಳಿ ಗಾಬರಿಯಾಗಿ ಗಂಟು ಬಿಚ್ಚಿದ. ಒಳಗೆ ಎರಡು ಡಬ್ಬಿ. ನೋಡಲು ಒಂದೇ ತಾಯಿಯ ಮಕ್ಕಳು. ಒಂದಕ್ಕೆ ಕೆಂಪು ದಾರ ಕಟ್ಟಿತ್ತು. "ದಾರದ್ದು ಹಳೇದು" ಎಂದ.

ನಾನು ಚಹಾಕ್ಕೆ ನೀರಿಟ್ಟೆ. "ಎಕ್ಸ್‌ಚೇಂಜ್ ಕೇಳಿದ್ಯಂತ?"

"ಕೇಳೀನಿ. ಕೇಳಾಕ ರೊಕ್ಕ ಬೀಳ್ತಾವೇನು? ಕೊಡ್ರಿ ಕೊಡ್ರಿ ಅಂತ ಕೈ ಚಾಚಿದ. ಬ್ಯಾಟರಿ ಆಗಿದ್ರ ಕೊಡ್ತಿದ್ದೆ. ನಡಿಯೂ ಸಾಮಾನು ನಮೂನಿ ಅಂತ ಒಯ್ದು ಬಿಟ್ಟು ಬರ್ತಾರೇನು ಯಾರಾರ?"

ಆಮೇಲೆ ನಾನು ಹೇಳಿದೆ. ಆ ಡಬ್ಬಿಯಲ್ಲಿ ಏನಿತ್ತು, ರಜಿಯಾ ಯಾರು, ನಾಳೆ ಏನು, ಎಲ್ಲ. ಅಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಅವನ ಲೆಕ್ಕದಲ್ಲಿ ಅದು ಕಬ್ಬಿಣದ ಸಾಮಾನು. ಹುಡುಗರು ಬರೆದದ್ದು ಅವರವರ ಮುಂದಿನ ಮಷೀನಿನಲ್ಲೇ ಇರುತ್ತದೆ ಎಂದುಕೊಂಡಿದ್ದಾನೆ. ತಪ್ಪೇನು? ನಾನೂ ಅವನಿಗಿಂತ ಸ್ವಲ್ಪ ಮುಂಚೆ ತಿಳಿದುಕೊಂಡವಳೇ.

"ಇದರಾಗ ಬರದದ್ದು ಇರ್ತೈತಂತ ನನಗ್ಯಾಕ ಯಾರೂ ಹೇಳಲಿಲ್ಲ?" ಎಂದ. ಸಿಟ್ಟಿನಿಂದಲ್ಲ. ಆ ದನಿಯನ್ನು ನಾನು ಅವನಲ್ಲಿ ಕೇಳಿದ್ದು ಕಡಿಮೆ. ದಾರದ ಡಬ್ಬಿಯನ್ನು ಮುಟ್ಟಿ ನೋಡಿ, "ಸೀಟಿನ ಕೆಳಗ ಇಟ್ಟಿಲ್ಲವ್ವಾ. ಹೋಗೂಮುಂದ, ಬರೂಮುಂದ, ತೊಡಿ ಮ್ಯಾಲ ಇಟ್ಕೊಂಡೀನಿ. ಕುಲುಕಾಡಿ ಅಳಿಸಿ ಹೋಗಿರ್ತೈತೇನು?" ಎಂದ.

ನನಗೇನು ಗೊತ್ತು? ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಇಬ್ಬರೂ ಹೊರಟೆವು. ಹೊರಡುವ ಮುಂಚೆ ಮಸ್ಕಿ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ, ಪಕ್ಕದ ಹೊಲಿಗೆ ಅಂಗಡಿಯ ಖಾದರ್ ಭಾಯಿಗೆ ಸುದ್ದಿ ಮುಟ್ಟಿಸಿದೆ: ರಜಿಯಾ ನಮ್ಮ ಬಸ್ಸಿಗೇ ಹತ್ತಲಿ.

ಮಸ್ಕಿಯಲ್ಲಿ ಹತ್ತಿದಳು. ಮುಖ ಬಾಡಿತ್ತು. ಅಪ್ಪ ಅವಳನ್ನು ಎಂದೂ ನೋಡಿರಲಿಲ್ಲ. ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟ. ಗಂಟನ್ನು ಅವಳ ತೊಡೆಯ ಮೇಲಿಟ್ಟ.

"ತಪ್ಪಾಗೈತವ್ವಾ. ನಿಂದಂತಲ್ಲ ಇದು, ನೀನ ಹಿಡ್ಕೋ" ಎಂದ.

ಅವಳು ದುಪಟ್ಟಾ ಮಡಿಸಿ ಅದರ ಕೆಳಗಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು ಕೂತಳು. ನಮ್ಮ ರಸ್ತೆಗಳನ್ನು ನೀವು ಬಲ್ಲಿರಿ. ಬಸ್ಸು ಮೊದಲನೆಯ ಗುಂಡಿಗೆ ಬಿದ್ದಾಗ ನಾವು ಮೂವರೂ ಕಣ್ಣು ಮುಚ್ಚಿದೆವು. ಎರಡನೆಯ ಗುಂಡಿಗೆ ರಜಿಯಾ ಮುಂದೆ ಬಾಗಿ ಕೂಗಿದಳು: "ಹುಸೇನಪ್ಪಣ್ಣಾ, ಸ್ವಲ್ಪ ಮೆಲ್ಲಕ!"

ಡ್ರೈವರು ಕನ್ನಡಿಯಲ್ಲಿ ನೋಡಿದ. ಟೈಮು ಕೇಳಿ ಕೇಳಿ ಅವನ ಪ್ರಾಣ ತಿಂದಿದ್ದ ಹುಡುಗಿ. "ಏನ್ ತಂಗಿ, ಮೆಲ್ಲಕ ಹೋದ್ರ ನಿನ್ನ ಟೈಮ್‌ಟೇಬಲ್ ತಪ್ಪತೈತಲ್ಲ?"

"ಟೈಮ್‌ಟೇಬಲ್ಲು ಇದರಾಗ ಐತಣ್ಣಾ. ಒಡದ್ರ ಪೂರಾ ತಪ್ಪತೈತಿ!"

ಇಡೀ ಬಸ್ಸು ನಕ್ಕಿತು. ಹುಸೇನಪ್ಪ ಮಾತ್ರ ನಗಲಿಲ್ಲ. ಅಲ್ಲಿಂದ ಸಿಂಧನೂರಿನವರೆಗೆ ಆ ಸರ್ಕಾರಿ ಬಸ್ಸು ಹೋದಷ್ಟು ಹಗುರವಾಗಿ ನಮ್ಮೂರ ದಾರಿಯಲ್ಲಿ ಇನ್ನಾವ ವಾಹನವೂ ಹೋಗಿರಲಾರದು. ಕಾಲುವೆಯ ಸೇತುವೆಯ ಮೇಲೆ ಎತ್ತಿನ ಬಂಡಿಯೊಂದು ನಮ್ಮನ್ನು ದಾಟಿ ಹೋಯಿತು. ಯಾರೂ ಗೊಣಗಲಿಲ್ಲ. (ಗೊಣಗಿದವನೊಬ್ಬನಿದ್ದ. ಅಪ್ಪ ಅವನ ಕಡೆ ತಿರುಗಿ ನೋಡಿದ. ಅವನು ಸುಮ್ಮನಾದ.)

ತಮ್ಮ ಕೆಳಗೆ ಗೊಬ್ಬರದಂಗಡಿಯ ಮುಂದೆಯೇ ನಿಂತಿದ್ದ. ಅಪ್ಪನ ಮುಖ ನೋಡಲಿಲ್ಲ. ಅಪ್ಪನೂ ಅವನ ಮುಖ ನೋಡಲಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಮೇಲೆ ಹತ್ತಿದೆವು. ತಮ್ಮ ಹಳೆಯದನ್ನು ಅದರ ಗೂಡಿನಲ್ಲಿ ಕೂರಿಸಿದ, ಹೊಸದನ್ನು ಪಕ್ಕದಲ್ಲಿ ಕೂರಿಸಿದ. ಪಿನ್ನು ಸರಿಯಾಗಿ ಕೂತವು. ಆ ಅಳತೆ, ಆ ಕೇಬಲ್ಲು, ಎಲ್ಲ ಒಪ್ಪವಾಗಿ ಹೊಂದಿತು. ಅಪ್ಪನ ಎದೆ ಒಂದಿಂಚು ಉಬ್ಬಿದ್ದನ್ನು ನಾನು ನೋಡಿದೆ.

ಸ್ವಿಚ್ ಒತ್ತಿದ. ಗುರ್ ಎಂದಿತು. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷು ಬಂದು ನಿಂತುಬಿಟ್ಟಿತು.

"ಏನಂತೈತೋ?"

"ಡಿಸ್ಕೇ ಇಲ್ಲಂತೈತಿ."

ಎರಡು ಡಿಸ್ಕು ಕಣ್ಣ ಮುಂದೆ ಕೂತಿವೆ, ಒಂದೂ ಇಲ್ಲ ಎನ್ನುತ್ತಿದೆ. ಆರಿಸಿ ಹಚ್ಚಿದ. ಅದೇ ಮಾತು. ರಜಿಯಾ ಗೋಡೆಗೆ ಒರಗಿ ನಿಂತಿದ್ದವಳು ಮೆಲ್ಲಗೆ ಕೆಳಗೆ ಕೂತಳು. ಮೊಣಕಾಲಿನ ಮೇಲೆ ಮುಖ ಇಟ್ಟುಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು, "ಎರಡೂ ಒಂದ ಥರ ಅದಾವಲ್ಲೋ. ಒಂದೀಟೂ ಫರಕಿಲ್ಲ. ಮತ್ಯಾಕ?" ಎಂದು ಯಾರನ್ನೋ ಕೇಳುವಂತೆ ಕೇಳಿದ.

ತಮ್ಮ ಕೆಳಗಿನ ಬೂತಿಗೆ ಓಡಿದ. ನಾವೂ ಹಿಂದೆಯೇ. ಈ ಸಲ ಲೈನು ಸಿಕ್ಕಿತು. ಸೇಠ್ ತಾನೇ ಎತ್ತಿದ. ಎಷ್ಟು ಜೋರಾಗಿ ಮಾತಾಡುತ್ತಿದ್ದನೆಂದರೆ ಅದು ನಮಗೆಲ್ಲ ಕೇಳಿಸಿತು.

"ಅರೇ ಸಾಬ್, ನಾ ಹೇಳಿದೆ! ಒಂದ ಕೇಬಲ್ ಮ್ಯಾಲ ಎರಡು ಡಿಸ್ಕ್ ಕುಂತ್ರ ಎರಡಕ್ಕೂ ಬ್ಯಾರೆ ಬ್ಯಾರೆ ನಂಬರ್ ಇರಬೇಕು. ಒಂದ ನಂಬರ್ ಇದ್ರ, ಮಷೀನ್ ಕರದಾಗ ಎರಡೂ ಒಮ್ಮೆಲೇ ಓ ಅಂತಾವ, ಯಾರ ಮಾತೂ ಕೇಳಂಗಿಲ್ಲ. ಹಿಂದ ಒಂದು ಸಣ್ಣ ಟೊಪಿಗಿ ಐತಲ್ಲ, ಜಂಪರ್? ಹೊಸಾದ್ರಾಗ ಅದನ್ನ ನಾ ಬ್ಯಾರೆ ಕಡೆ ಹಾಕಿ ಕೊಡ್ತಿದ್ದೆ. ನಿಮ್ಮ ತಂದಿ ನನ್ನ ಕೈ ಹಿಡ್ಕೊಂಡ್ರು ಸಾಬ್! ನಮೂನಿದಾಗ ಎಲ್ಲೈತೋ ಅಲ್ಲೇ ಇರಬೇಕಂತ ಜಗಳಾ ಮಾಡಿದ್ರು!"

ಎಲ್ಲರೂ ಅಪ್ಪನ ಕಡೆ ತಿರುಗಿದೆವು.

ಅಪ್ಪ ಆಕಾಶ ನೋಡಿದ. "ಅಂವಾ ನಮೂನಿ ಬಿಟ್ಟು ಬ್ಯಾರೆ ಮಾಡಾಕತ್ತಿದ್ದ. ಮೋಸ ಮಾಡಾಕತ್ಯಾನಂತ ತಿಳಕೊಂಡೆ" ಎಂದ.

ಮೇಲೆ ಬಂದು ತಮ್ಮ ಹೊಸ ಡಿಸ್ಕಿನ ಆ ಟೊಪ್ಪಿಗೆಯನ್ನು ಉಗುರಿನಿಂದ ಕಿತ್ತು ಪಕ್ಕದ ಪಿನ್ನಿಗೆ ಏರಿಸಿದ. ಅಕ್ಕಿಕಾಳಿನಷ್ಟಿರುವ ವಸ್ತು. ಸ್ವಿಚ್ ಒತ್ತಿದ. ಗುರ್ ಎಂದಿತು. ಎರಡು ಸಾಲು, ಮೂರು ಸಾಲು, ಆಮೇಲೆ ಸರಸರ ಏನೇನೋ. ರಜಿಯಾ ಎದ್ದು ಬಂದು ಒಂದು ಮಷೀನಿನ ಮುಂದೆ ಕೂತು ತನ್ನ ಹೆಸರು ಒತ್ತಿದಳು. ಬಸ್ಸುಗಳೆಲ್ಲ ಸಾಲಾಗಿ ಬಂದು ನಿಂತವು. ಹುಡುಗಿ ಆಗ ಅತ್ತಳು. ನನಗೂ ತಡೆಯಲಾಗಲಿಲ್ಲ. ತಮ್ಮ ಮೊದಲು ಮಾಡಿದ ಕೆಲಸ, ಅವಳದನ್ನು ಹೊಸ ಡಿಸ್ಕಿಗೆ ಕಾಪಿ ಹಾಕಿದ್ದು.

ಈಗ ನಿಮ್ಮನ್ನು ಕೇಳುತ್ತೇನೆ. ಹೊಂದಿಕೆ ಎಂದರೆ ನಾವು ತಿಳಿದಿರುವುದು ಏನು? ಒಂದೇ ಥರ ಇರುವುದು, ಅಲ್ಲವೇ? ಒಂದೇ ಊರು, ಒಂದೇ ಮಾತು, ಒಂದೇ ಊಟ. ಅಳತೆ ಹೊಂದಬೇಕು, ನಿಜ. ಪಿನ್ನು ಕೂರಬೇಕು, ನಿಜ. ಅದನ್ನೆಲ್ಲ ಮೊದಲೇ ನೋಡಿಕೊಳ್ಳದಿದ್ದರೆ ಕೆಲಸ ಕೆಟ್ಟಂತೆಯೇ. ಆದರೆ ಎಲ್ಲ ಹೊಂದಿದ ಮೇಲೂ ಒಬ್ಬರು ಅಕ್ಕಿಕಾಳಿನಷ್ಟು ಪಕ್ಕಕ್ಕೆ ಸರಿಯದಿದ್ದರೆ ಇಬ್ಬರೂ ಇಲ್ಲ ಎನ್ನುತ್ತದೆ ಮಷೀನು. ನಮ್ಮ ಅಪ್ಪ, ತಮ್ಮ ಇಬ್ಬರನ್ನೂ ಒಂದೇ ಮನೆಯಲ್ಲಿ ನೋಡುತ್ತ ಬಂದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮೂಗು ಒಂದೇ, ಮುನಿಸು ಒಂದೇ, ಅಚ್ಚುಕಟ್ಟು ಒಂದೇ. ಒಂದು ಮಾತು ಬಿದ್ದರೆ ಇಬ್ಬರೂ ಒಮ್ಮೆಲೇ ಓ ಎನ್ನುತ್ತಾರೆ.

ಅವತ್ತು ಮಾತ್ರ ಅಪ್ಪ ಬೆಂಕಿಪೊಟ್ಟಣದ ಸ್ಕ್ರೂಗಳನ್ನು ಒಂದೊಂದಾಗಿ ಕೊಟ್ಟ, ತಮ್ಮ ಒಂದೊಂದಾಗಿ ಬಿಗಿದ. ಕೊನೆಯ ಸ್ಕ್ರೂ ಆದ ಮೇಲೆ ತಮ್ಮ, "ನಡಿ ಅಪ್ಪಾ, ಉಂಡಿಲ್ಲ ನೀ" ಎಂದ.

ಬುಧವಾರ ರಾಯಚೂರಿನಿಂದ ಪರೀಕ್ಷಕರು ಬಂದರು. ತಾವು ಹಿಂದಿರುಗುವ ಬಸ್ಸನ್ನೇ ರಜಿಯಾಗೆ ಕೇಳಿದರಂತೆ. ಪರದೆ ಹೇಳಿತು. ಆ ಬಸ್ಸಿಗೇ ಹೋದರು, ಪಾಸು ಮಾಡಿ ಹೋದರು.

ಸಂಜೆ ಖಾದರ್ ಭಾಯಿ ಸೆಂಟರಿಗೆ ಬಂದರು. ನಾನೂ ಅಪ್ಪನೂ ಅಲ್ಲೇ ಇದ್ದೆವು. ಚಪ್ಪಲಿ ಬಿಟ್ಟು, ಕೈಕಟ್ಟಿ, ಪರದೆಯಿಂದ ಮಾರು ದೂರ ನಿಂತರು. "ಲಿಂಗಸೂಗೂರಿಂದ ಮಸ್ಕಿ. ಶಾಮ್ ಐದರ ಮ್ಯಾಲ. ಕೇಳು ಬೇಟಿ" ಎಂದರು. ರಜಿಯಾ ಒತ್ತಿದಳು. ಹೊರಡುವ ಹೊತ್ತು, ಮುಟ್ಟುವ ಹೊತ್ತು ಎರಡೂ ಬಂದವು. ಅಜಾನಿಗೆ ಇನ್ನೂ ಚಹಾ ಕುಡಿಯುವಷ್ಟು ಸಮಯ ಇತ್ತು.

ಖಾದರ್ ಭಾಯಿ ತಲೆದೂಗಿದರು. ಮತ್ತೆ ಕೇಳಿದರು: "ಅಚ್ಛಾ. ಬಸ್ಸು ಲೇಟಾದ್ರ?"

ರಜಿಯಾಳ ಬೆರಳು ಕೀಬೋರ್ಡಿನ ಮೇಲೆ ನಿಂತುಹೋಯಿತು. ಅಷ್ಟು ದಿನ ಇಡೀ ಸೀಮೆಯ ಬಸ್ಸುಗಳನ್ನು ಓಡಿಸಿದ್ದ ಪ್ರೋಗ್ರಾಮಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ತಮ್ಮ ನೆಲ ನೋಡಿದ. ಕೆಲಸ ಕೈತಪ್ಪುವುದು ಹೀಗೆಯೇ, ಒಂದು ಸಣ್ಣ ಪ್ರಶ್ನೆಗೆ.

ಅಪ್ಪ ಹಿಂದಿನಿಂದ ಹೇಳಿದ: "ಲೇಟಾದ್ರ ಬಸ್ ಸ್ಟ್ಯಾಂಡಿನ್ಯಾಗ ಯಾಕ ನಿಂದ್ರತಾಳ ಭಾಯಿ? ಅಲ್ಲೇ ನನ್ನ ಮಗಳ ಮನಿ ಐತಿ. ಹೋಗಿ ಕುಂದ್ರತಾಳ, ಅಳಿಯಂದ್ರು ಮಸ್ಕಿಗೆ ಬಿಟ್ಟು ಬರ್ತಾರ. ಒಂದು ಫೋನ್ ಹೊಡದ್ರ ನಿನಗ ಸುದ್ದಿ."

ನನ್ನನ್ನು ಕೇಳಲಿಲ್ಲ. ನಮ್ಮ ಮನೆಯವರನ್ನು ಅವರ ಸ್ಕೂಟರ್ ಸಮೇತ ದಾನ ಮಾಡಿದ. ಖಾದರ್ ಭಾಯಿ ನನ್ನ ಕಡೆ ನೋಡಿದರು. ನಾನು ಹೂಂ ಎಂದೆ. ಅವರು ಟೋಪಿ ಸರಿಮಾಡಿಕೊಂಡು, "ಹಂಗಾರ ಹೋಗ್ಲಿ" ಎಂದರು. ಅಷ್ಟೇ.

ರಜಿಯಾ ಈಗ ಲಿಂಗಸೂಗೂರಿನಲ್ಲಿ ಕಲಿಸುತ್ತಾಳೆ. ಬಸ್ಸು ಹೆಚ್ಚಾಗಿ ಟೈಮಿಗೇ ಬರುತ್ತದೆ. ಬರದ ದಿನ ನಮ್ಮಲ್ಲಿ ಚಹಾ ಕುಡಿಯುತ್ತಾಳೆ. ಮೊನ್ನೆ ಆ ಹೊಸ ಬ್ರಾಂಚು ನೋಡಲು ಹೋಗಿದ್ದೆ. ಪ್ರೋಗ್ರಾಮು ತೋರಿಸು ಎಂದೆ. ಲಿಂಗಸೂಗೂರು, ಮಸ್ಕಿ, ಸಂಜೆ ಎಂದು ಒತ್ತಿದಳು. ಬಸ್ಸಿನ ಹೊತ್ತು ಬಂತು. ಅದರ ಕೆಳಗೆ ಮೊದಲು ಇಲ್ಲದ ಇನ್ನೊಂದು ಸಾಲೂ ಬಂತು, ಅಕ್ಷರ ಇಂಗ್ಲಿಷಿನದು, ಮಾತು ಕನ್ನಡದ್ದು: ಬಸ್ ಬರದಿದ್ದರೆ ಅಕ್ಕನ ಮನೆ.

ಇಷ್ಟು ವರ್ಷ ನನ್ನನ್ನು ಮೇಡಂ ಎನ್ನುತ್ತಿದ್ದ ಹುಡುಗಿ.

ಹೇಳಿ, ಟೈಮ್‌ಟೇಬಲ್ಲಿನಲ್ಲೇ ಹಾಗೆ ಬಂದುಬಿಟ್ಟ ಮೇಲೆ ನಾನು ಸಂಜೆ ಮನೆಗೆ ಬೀಗ ಹಾಕಿಕೊಂಡು ಹೋಗುವುದಾದರೂ ಹೇಗೆ?